ಕಿಲೋಕ್ಕ ಎಷ್ಟ ಬಿತ್ತು?

ಹೋದ ತಿಂಗಳು ಒಂದು ದೊಡ್ಡ ಸೂಪರ್ ಮಾರ್ಕೆಟ್‌ನಿಂದ ಮನೆಗೆ ತಿಂಗಳ ಸಾಮಾನು ತಂದೆ. ಬಿಲ್ಲಿನ ಕೊನೆಗೆ ದಪ್ಪ ಅಕ್ಷರದಲ್ಲಿ ‘ಇಂದು ನೀವು ಉಳಿಸಿದ್ದು 412 ರೂಪಾಯಿ’ ಅಂತ ಬರೆದಿತ್ತು. ನನಗೆ ಖುಷಿಯೋ ಖುಷಿ. ಮನೆಗೆ ಬಂದವನೇ ಅವ್ವನ ಮುಂದೆ ಬಿಲ್ ಹಿಡಿದೆ. ಅವಳು ಚಾಳೀಸು ಹಾಕಿಕೊಂಡಳು. ಆ ದಪ್ಪ ಅಕ್ಷರದ ಕಡೆ ನೋಡಲೂ ಇಲ್ಲ. ತೊಗರಿ ಬೇಳೆಯ ಪ್ಯಾಕೆಟ್ ಎತ್ತಿಕೊಂಡು ಕೇಳಿದಳು, “ಕಿಲೋಕ್ಕ ಎಷ್ಟ ಬಿತ್ತು?”

“199ರದ್ದು ಅವ್ವಾ, 149ಕ್ಕ ಬಂತು. ಐವತ್ತ ರೂಪಾಯಿ ಉಳೀತು.”

“ಉಳದದ್ದ ಕೇಳಿಲ್ಲ. ಬಿದ್ದದ್ದ ಕೇಳೀನಿ.”

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ತಂತಿ ತೂಗುಬಿಟ್ಟಿದೆ, ತುದಿ ಕೊಕ್ಕೆಯ ಹಾಗೆ ಬಾಗಿದ್ದು. ಕಿರಾಣಿ ಚೀಟಿ, ಕರೆಂಟ್ ಬಿಲ್ಲು, ಗ್ಯಾಸಿನ ರಸೀದಿ ಎಲ್ಲ ಅದಕ್ಕೇ ಚುಚ್ಚುವುದು. ಅವ್ವ ಅದರಿಂದ ಒಂದು ಚೀಟಿ ಕಿತ್ತಳು. ನಮ್ಮ ವಿಜಯಪುರದ ಎಲ್‌ಬಿಎಸ್ ಮಾರ್ಕೆಟ್ ಹತ್ತಿರ ನಾವು ಖಾಯಂ ಹೋಗುವ ಕಿರಾಣಿ ಅಂಗಡಿಯದು. ಪೆನ್ನಲ್ಲಿ ಗೀಚಿದ್ದು: ತೊ. ಬೇಳೆ, 2 ಕಿಲೋ, 264. ಅಂದ್ರೆ ಕಿಲೋಗೆ 132. ಬೇಳೆ ಹೆಚ್ಚುಕಡಿಮೆ ಅದೇ ನಮೂನೆ. ನಾನು ಐವತ್ತು ರೂಪಾಯಿ ‘ಉಳಿಸಿ’ ಹದಿನೇಳು ರೂಪಾಯಿ ಜಾಸ್ತಿ ಕೊಟ್ಟು ಬಂದಿದ್ದೆ.

ಅವತ್ತಿನಿಂದ ಈ ರಿಯಾಯಿತಿ, ಕೂಪನ್, ಕ್ಯಾಶ್‌ಬ್ಯಾಕ್ ಇದೆಲ್ಲ ಹೇಗೆ ನಡೆಯುತ್ತದೆ ಅಂತ ಕೂತು ಲೆಕ್ಕ ಹಾಕತೊಡಗಿದೆ. ಕೂಪನ್ ಎಲ್ಲ ಮೋಸ ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ, ನಾನೂ ಬಳಸುತ್ತೇನೆ. ಆದರೆ ಯಾವ ಅಂಕಿಯ ಜೊತೆ ಯಾವ ಅಂಕಿ ಹೋಲಿಸಬೇಕು ಅನ್ನುವುದರಲ್ಲೇ ನಾವು ಎಡವುತ್ತೇವೆ. (ಮುಂದೆ ಬರುವ ದರಗಳೆಲ್ಲ ಲೆಕ್ಕ ತಿಳಿಯಲಿ ಅಂತ ಇಟ್ಟುಕೊಂಡವು, ಇವತ್ತಿನ ಪೇಟೆ ಧಾರಣೆ ಅಲ್ಲ.)

ಮೊದಲು ಎಂಆರ್‌ಪಿ. ಅದು ಗರಿಷ್ಠ ಮಾರಾಟ ಬೆಲೆ, ಎಲ್ಲ ತೆರಿಗೆ ಸೇರಿ. ಪ್ಯಾಕೆಟ್ ಮಾಡಿದ ಸಾಮಾನಿನ ಮೇಲೆ ಇದನ್ನು ಅಚ್ಚು ಹಾಕಲೇಬೇಕು, ಇದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಳ್ಳುವ ಹಾಗಿಲ್ಲ. ಆದರೆ ಕಡಿಮೆಗೆ ಮಾರಬಾರದು ಅಂತ ಎಲ್ಲೂ ಇಲ್ಲ. ಬಹಳ ಜನ ಎಂಆರ್‌ಪಿಯನ್ನು ಸರ್ಕಾರ ನಿಗದಿ ಮಾಡಿದ ಬೆಲೆ ಅಂದುಕೊಂಡಿದ್ದಾರೆ. ಕೆಲವು ಔಷಧಿಯಂಥವು ಬಿಟ್ಟರೆ ಹಾಗೇನೂ ಇಲ್ಲ, ಅದನ್ನು ಬರೆಯುವವರು ತಯಾರಿಸಿದವರೇ ಅಥವಾ ಪ್ಯಾಕ್ ಮಾಡಿದವರೇ. ಈಗ ಯೋಚನೆ ಮಾಡಿ. ಕಂಪನಿಯವರೇ 199 ಅಂತ ಬರೆಯುತ್ತಾರೆ, ಅಂಗಡಿಯವರು 149ಕ್ಕೆ ಕೊಡುತ್ತಾರೆ, ನಮಗೆ 25 ಪರ್ಸೆಂಟ್ ಲಾಭ ಆಯ್ತು ಅನ್ನಿಸುತ್ತದೆ. ಆ 199ಕ್ಕೆ ಆ ಬೇಳೆಯನ್ನು ಯಾರಾದರೂ ಯಾವತ್ತಾದರೂ ಕೊಂಡಿದ್ದಾರಾ? ಹೀಗಾಗಿ ಪರ್ಸೆಂಟೇಜ್ ನೋಡುವುದನ್ನು ನಾನು ಬಿಟ್ಟೇಬಿಟ್ಟೆ.

ಎಂಆರ್‌ಪಿ ಬಗ್ಗೆ ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತಲ್ಲ, ಆಗ ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ ಇವೆಲ್ಲ 18ರಿಂದ 5 ಪರ್ಸೆಂಟಿಗೆ ಇಳಿದವು. ತುಪ್ಪ, ಬೆಣ್ಣೆ 12ರಿಂದ 5ಕ್ಕೆ ಬಂದವು. ಅದಕ್ಕಿಂತ ಹಳೆಯ ಬೆಲೆ ತಲೆಯಲ್ಲಿ ಇಟ್ಟುಕೊಂಡವರಿಗೆ ಈಗಿನ ಯಾವ ಆಫರ್ ನೋಡಿದರೂ ಅಗ್ಗ ಅನ್ನಿಸುತ್ತದೆ. ತೆರಿಗೆ ಇಳಿದದ್ದು ಅಂಗಡಿಯವರ ಔದಾರ್ಯ ಅಲ್ಲ.

ಈಗ ಅವ್ವನ ಪ್ರಶ್ನೆಗೆ ಬರೋಣ. ಕಿಲೋಕ್ಕ ಎಷ್ಟ ಬಿತ್ತು? ಇದಕ್ಕೆ ಕಾನೂನಿನಲ್ಲೂ ಒಂದು ಹೆಸರಿದೆ, ಯೂನಿಟ್ ಸೇಲ್ ಪ್ರೈಸ್. ಪ್ಯಾಕೆಟ್ ತಿರುಗಿಸಿ ನೋಡಿದರೆ ಎಂಆರ್‌ಪಿ ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಯುಎಸ್‌ಪಿ’ ಅಂತ ಇರುತ್ತದೆ. ಒಂದು ಕಿಲೋಗಿಂತ ಕಡಿಮೆ ಇರುವ ಪ್ಯಾಕೆಟ್ ಆದರೆ ಗ್ರಾಮಿಗೆ ಎಷ್ಟು, ಜಾಸ್ತಿ ಇದ್ದರೆ ಕಿಲೋಗೆ ಎಷ್ಟು. ಎಣ್ಣೆ, ಹಾಲಿನಂಥವಕ್ಕೆ ಮಿಲಿಲೀಟರ್ ಅಥವಾ ಲೀಟರ್ ಲೆಕ್ಕ. ಗ್ರಾಮಿಗೆ 0.16 ಅಂತಿದ್ದರೆ ಸಾವಿರದಿಂದ ಗುಣಿಸಿ, ಕಿಲೋಗೆ 160 ಬರುತ್ತದೆ. ಒಂದೇ ತೊಂದರೆ, ಪೈಸೆಯಲ್ಲಿ ಎರಡೇ ಅಂಕಿ ಇರುವುದರಿಂದ ಸಣ್ಣ ವ್ಯತ್ಯಾಸ ಮುಚ್ಚಿಹೋಗುತ್ತದೆ. 0.16, 0.17 ಅಂತ ಎರಡು ಪ್ಯಾಕೆಟ್ ಇದ್ದರೆ ಕಿಲೋಗೆ ಹತ್ತು ರೂಪಾಯಿ ಫರಕು ಅನ್ನಿಸುತ್ತದೆ, ನಿಜವಾಗಿ ಮೂರೇ ರೂಪಾಯಿ ಇರಬಹುದು. ಅಂಥ ಕಡೆ ಫೋನಿನ ಕ್ಯಾಲ್ಕ್ಯುಲೇಟರ್ ತೆಗೆಯಬೇಕು. ಬೆಲೆಯನ್ನು ಗ್ರಾಮಿನಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಮುಗೀತು.

ಇದು ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು ಅಡುಗೆ ಎಣ್ಣೆಗೆ. ಅಂಗಡಿಯ ಕಪಾಟಿನಲ್ಲಿ ಎರಡು ಪೌಚ್ ಅಕ್ಕಪಕ್ಕ ಇವೆ ಅನ್ನಿ. ಒಂದು 150 ರೂಪಾಯಿ, ಇನ್ನೊಂದು 143. ನೋಡುವುದಕ್ಕೆ ಒಂದೇ ಅಳತೆ. ಯಾರಿದ್ದರೂ 143ರದ್ದನ್ನೇ ಎತ್ತುತ್ತಾರೆ. ತಿರುಗಿಸಿ ನೋಡಿದರೆ ಮೊದಲನೆಯದರ ಮೇಲೆ 1 ಲೀಟರ್, ಎರಡನೆಯದರ ಮೇಲೆ 850 ಗ್ರಾಂ. ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ಹಾಗಾಗಿ ಮೊದಲನೆಯದು ಕಿಲೋಗೆ 165ರ ಹತ್ತಿರ ಬೀಳುತ್ತದೆ, ‘ಅಗ್ಗದ’ ಪೌಚ್ 168ರ ಮೇಲೆ. ಒಂದರ ಮೇಲೆ ಲೀಟರ್, ಇನ್ನೊಂದರ ಮೇಲೆ ಗ್ರಾಂ ಬರೆದಿರುವುದರಿಂದ ಕಣ್ಣಿಗೆ ತಕ್ಷಣ ಗೊತ್ತಾಗುವುದಿಲ್ಲ. ಈ ಎಣ್ಣೆ ಅಳತೆಯ ಗೊಂದಲ ಎಷ್ಟಿತ್ತು ಅಂದರೆ, ಕೆಲವು ಕಂಪನಿಗಳು ಇಂತಿಷ್ಟು ಉಷ್ಣತೆಯಲ್ಲಿ ಇಷ್ಟು ಲೀಟರ್ ಅಂತ ಬರೆಯುತ್ತಿದ್ದವು. ಬಿಸಿ ಮಾಡಿದರೆ ಎಣ್ಣೆ ಹಿಗ್ಗುತ್ತದೆ, ಲೀಟರ್ ತುಂಬಿದ ಹಾಗೆ ಕಾಣುತ್ತದೆ, ತೂಕ ಮಾತ್ರ ಕಡಿಮೆ! 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಉಷ್ಣತೆಯ ಮಾತು ತೆಗೆಯಿರಿ, ಲೀಟರ್ ಜೊತೆ ತೂಕವನ್ನೂ ಬರೆಯಿರಿ ಅಂತ ಹೇಳಬೇಕಾಯಿತು. ನಮ್ಮ ಕಡೆ ಗಾಣದ ಕುಸುಬಿ ಎಣ್ಣೆ ತರುವವರು ಈ ತಾಪತ್ರಯದಿಂದ ಪಾರು, ಡಬ್ಬಿ ತಗೊಂಡು ಹೋಗುತ್ತಾರೆ, ಕಣ್ಣೆದುರೇ ತೂಗಿಸಿಕೊಂಡು ಬರುತ್ತಾರೆ. ದರ ಜಾಸ್ತಿ, ಅದು ಬೇರೆ ಮಾತು.

ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅನ್ನುವುದೂ ಸುಳ್ಳು. ಶಾಂಪೂ ನೋಡಿ. ಎರಡು ರೂಪಾಯಿ ಸ್ಯಾಶೆಯಲ್ಲಿ ಐದೂವರೆ ಮಿಲಿ ಇದ್ದರೆ ಮಿಲಿಗೆ 36 ಪೈಸೆ. ಅದೇ ಶಾಂಪೂ 180 ಮಿಲಿ ಬಾಟಲಿ 130 ರೂಪಾಯಿ ಅಂದರೆ ಮಿಲಿಗೆ 72 ಪೈಸೆ. ಸರಿಯಾಗಿ ಎರಡರಷ್ಟು! ಕೂಲಿಗೆ ಹೋಗುವವರೂ ಕೊಳ್ಳಲಿ ಅಂತ ಸ್ಯಾಶೆಯನ್ನು ಕಡಿಮೆ ಲಾಭಕ್ಕೆ ಬಿಡುತ್ತಾರೆ, ಬಾಟಲಿ ಕೊಳ್ಳುವವರು ಲೆಕ್ಕ ಕೇಳುವುದಿಲ್ಲ ಅಂತ ಅವರಿಗೆ ಗೊತ್ತು. ಎಲ್ಲ ಸಾಮಾನಿಗೂ ಹೀಗೇ ಅಂತಲ್ಲ. ಚಹಾಪುಡಿ, ಬಟ್ಟೆ ಸೋಪಿನ ಪುಡಿ ಇವು ಸಾಮಾನ್ಯವಾಗಿ ದೊಡ್ಡ ಪ್ಯಾಕೆಟ್ಟಿನಲ್ಲೇ ಅಗ್ಗ. ಒಂದೊಂದಕ್ಕೂ ಒಂದು ಸಲ ಲೆಕ್ಕ ಹಾಕಿಕೊಂಡರೆ ಸಾಕು, ಆಮೇಲೆ ವರ್ಷಗಟ್ಟಲೆ ತಲೆಯಲ್ಲಿ ಉಳಿಯುತ್ತದೆ. ಹತ್ತು ರೂಪಾಯಿ ಬಿಸ್ಕೀಟು, ಚಿಪ್ಸು ಇವುಗಳ ಆಟ ಬೇರೆ, ಬೆಲೆ ಹತ್ತೇ ಇರುತ್ತದೆ, ಒಳಗಿನ ಗ್ರಾಂ ಸದ್ದಿಲ್ಲದೆ ಕರಗುತ್ತಾ ಹೋಗುತ್ತದೆ.

ಇನ್ನು ಕೂಪನ್. ಇದು ಯಾಕೆ ಇದೆ ಅಂತ ನನಗೆ ಬಹಳ ದಿನ ತಿಳಿದಿರಲಿಲ್ಲ. ನೂರು ರೂಪಾಯಿ ಕಡಿಮೆ ಮಾಡುವುದಿದ್ದರೆ ಎಲ್ಲರಿಗೂ ಮಾಡಬಹುದಲ್ಲ, ಈ ಕೋಡು ಹಾಕು, ಆ ಕಾರ್ಡ್ ಹಾಕು ಅಂತ ಯಾಕೆ ಕುಣಿಸುತ್ತಾರೆ?

ಉತ್ತರ ನಮ್ಮ ಸಂತೆಯಲ್ಲೇ ಇದೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಬಳೆ ಅಂಗಡಿ ಮುಂದೆ ಐದು ನಿಮಿಷ ನಿಂತು ನೋಡಿ. ಒಬ್ಬರು ಹೇಳಿದ ರೇಟು ಕೊಟ್ಟು ಹೋಗುತ್ತಾರೆ. ಇನ್ನೊಬ್ಬರು “ಏನ್ರೀ ಅಣ್ಣಾರ, ಆ ಕಡೆ ಅಂಗಡ್ಯಾಗ ಅರ್ಧಕ್ಕ ಕೊಡ್ತಾರ” ಅಂತ ಶುರು ಮಾಡುತ್ತಾರೆ, ಎರಡು ಹೆಜ್ಜೆ ಹೋಗಿ ತಿರುಗುತ್ತಾರೆ, ಕೊನೆಗೆ ಕಡಿಮೆಗೆ ಒಯ್ಯುತ್ತಾರೆ. ಅಂಗಡಿಯವನಿಗೆ ಇಬ್ಬರೂ ಬೇಕು. ಎಲ್ಲರಿಗೂ ಕಡಿಮೆ ಮಾಡಿದರೆ ಮೊದಲನೆಯವರಿಂದ ಬರುವ ಲಾಭ ಹೋಗುತ್ತದೆ, ಯಾರಿಗೂ ಮಾಡದಿದ್ದರೆ ಎರಡನೆಯವರೇ ಹೋಗಿಬಿಡುತ್ತಾರೆ. ಚೌಕಾಸಿ ಅನ್ನುವುದು ಇವರಿಬ್ಬರನ್ನು ಬೇರೆ ಮಾಡುವ ಜರಡಿ. ಪ್ಯಾಕೆಟ್ಟಿನ ಮೇಲೆ ಬೆಲೆ ಅಚ್ಚಾಗಿ, ಕೌಂಟರಿನಲ್ಲಿ ಕಂಪ್ಯೂಟರ್ ಕೂತ ಮೇಲೆ ಚೌಕಾಸಿಗೆ ಜಾಗ ಉಳಿಯಲಿಲ್ಲ. ಆ ಜಾಗಕ್ಕೆ ಕೂಪನ್ ಬಂತು. ಕೋಡು ಹುಡುಕುವಷ್ಟು ತಾಳ್ಮೆ ಇದ್ದವನಿಗೆ ಬೆಲೆಯ ಬಿಸಿ ತಟ್ಟಿದೆ ಅಂತ ಲೆಕ್ಕ, ಅವನಿಗೆ ಕಡಿಮೆ. ಉಳಿದವರಿಗೆ ಪೂರ್ತಿ ಬೆಲೆ. ಅಮೆರಿಕದಲ್ಲಿ 1880ರ ದಶಕದ ಕೊನೆಗೆ ಕೋಕಾ ಕೋಲಾದವರು ಒಂದು ಗ್ಲಾಸ್ ಪುಕ್ಕಟೆ ಅಂತ ಚೀಟಿ ಹಂಚಿದರು, ಕೂಪನ್ ಕಥೆ ಹೇಳುವವರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ಕೋಕಾ ಕೋಲಾದವರ ಉದ್ದೇಶ ಇನ್ನೊಂದು, ಒಂದು ಸಲ ರುಚಿ ಹತ್ತಿಸುವುದು. ಇವತ್ತಿನ ‘ಮೊದಲ ಆರ್ಡರಿಗೆ 150 ರೂಪಾಯಿ ಕಡಿಮೆ’ ಅನ್ನುವುದೂ ಅದೇ ತಳಿ. ನಾಲ್ಕನೇ ಆರ್ಡರಿಗೆ ಆ ಪ್ರೀತಿ ಇರುವುದಿಲ್ಲ.

ಕೂಪನ್ನಿನ ಸಣ್ಣ ಅಕ್ಷರ ಓದುವುದು ಹೇಗೆ ಅಂತ ಒಂದು ಉದಾಹರಣೆ ನೋಡೋಣ. ‘799ರ ಮೇಲಿನ ಖರೀದಿಗೆ 20 ಪರ್ಸೆಂಟ್, ಗರಿಷ್ಠ 100 ರೂಪಾಯಿ.’ 800ಕ್ಕೆ 20 ಪರ್ಸೆಂಟ್ ಅಂದರೆ 160 ಆಗಬೇಕಿತ್ತು. ಆದರೆ ನೂರಕ್ಕೇ ನಿಂತಿತು, ಅಂದರೆ ನಿಜವಾದ ರಿಯಾಯಿತಿ ಹನ್ನೆರಡೂವರೆ ಪರ್ಸೆಂಟ್. 1500ರ ಸಾಮಾನು ತಗೊಂಡರೆ ಏಳು ಪರ್ಸೆಂಟಿಗಿಂತಲೂ ಕಡಿಮೆ. ಹಾಗಾಗಿ ಇಂಥ ಕೂಪನ್ನಿಗೆ ಕನಿಷ್ಠ ಮೊತ್ತದ ಹತ್ತಿರವೇ ನಿಲ್ಲಬೇಕು, ಜಾಸ್ತಿ ತುಂಬಿದಷ್ಟೂ ನಮಗೆ ಲುಕ್ಸಾನು. ಇನ್ನು ನಿಮಗೆ ಬೇಕಾಗಿದ್ದು 560 ರೂಪಾಯಿ ಸಾಮಾನು ಮಾತ್ರ ಅನ್ನಿ. ನೂರು ರೂಪಾಯಿ ಆಸೆಗೆ 240ರದ್ದು ಇನ್ನೇನೋ ಸೇರಿಸಿದಿರಿ, 700 ಕೊಟ್ಟಿರಿ. ಕಿಸೆಯಿಂದ 140 ಜಾಸ್ತಿಯೇ ಹೋಯಿತು. ಆ ಇನ್ನೇನೋ ಅನ್ನುವುದು ಉಪ್ಪು, ಸೋಪು, ಟೂತ್‌ಪೇಸ್ಟ್ ಆಗಿದ್ದರೆ ಲಾಭವೇ, ಹೇಗಿದ್ದರೂ ಮುಂದಿನ ತಿಂಗಳು ಬೇಕಿತ್ತು. ಚಾಕಲೇಟು, ಹೊಸ ನಮೂನೆ ಸಾಸು ಆಗಿದ್ದರೆ ಅದು ಅವರ ಲಾಭ. ನಾನು ಒಂದು ಸಲ ಹೀಗೆ ಮೊತ್ತ ತುಂಬಿಸಲು ಒಂದು ಬಾಟಲಿ ಆಲಿವ್ ಎಣ್ಣೆ ತಂದಿದ್ದೆ. ಅವ್ವ ಅದನ್ನು ಬಾಗಿಲ ಕೀಲಿಗೆ ಹಾಕುತ್ತಾಳೆ.

ಡೆಲಿವರಿ ಆ್ಯಪ್‌ಗಳಲ್ಲಿ ಇನ್ನೂ ಒಂದಿಷ್ಟು ಸೇರುತ್ತದೆ. ಡೆಲಿವರಿ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು, ಆರ್ಡರ್ ಚಿಕ್ಕದಾದರೆ ಅದಕ್ಕೊಂದು ಚಾರ್ಜು. ಇವೆಲ್ಲ ಕಾಣುವುದು ದುಡ್ಡು ಕಟ್ಟುವ ಕೊನೆಯ ಪುಟದಲ್ಲಿ. ಹೋಲಿಸುವುದಿದ್ದರೆ ಆ ಕೊನೆಯ ಪುಟದ ಅಂಕಿಯನ್ನೇ ಹೋಲಿಸಿ.

ಕೋಡು ಎಲ್ಲಿ ಸಿಗುತ್ತದೆ? ಗ್ರ್ಯಾಬ್‌ಆನ್, ಕ್ಯಾಶ್‌ಕರೋ ಥರದ ತಾಣಗಳಿವೆ. ಇವು ಧರ್ಮಕ್ಕೆ ನಡೆಯುತ್ತಿಲ್ಲ. ನೀವು ಅವರ ಲಿಂಕ್ ಒತ್ತಿ ಅಂಗಡಿಗೆ ಹೋಗಿ ಕೊಂಡರೆ ಅಂಗಡಿ ಅವರಿಗೆ ಕಮಿಷನ್ ಕೊಡುತ್ತದೆ, ನಮ್ಮ ಎಪಿಎಂಸಿ ದಲಾಲರ ಹಾಗೆಯೇ. ಕ್ಯಾಶ್‌ಬ್ಯಾಕ್ ತಾಣ ಆ ಕಮಿಷನ್ನಿನಲ್ಲಿ ಒಂದು ಪಾಲು ನಿಮಗೆ ಕೊಡುತ್ತದೆ. ಯಾರ ಲಿಂಕಿನಿಂದ ಬಂದಿರಿ ಅಂತ ಗುರುತಿಡುವುದು ಬ್ರೌಸರಿನಲ್ಲಿ ಕೂರುವ ಕುಕಿ ಅನ್ನುವ ಪುಟ್ಟ ಗುರುತು. ನಡುವೆ ಬೇರೆ ತಾಣದ ಲಿಂಕ್ ಒತ್ತಿದರೆ ಸಾಮಾನ್ಯವಾಗಿ ಕೊನೆಗೆ ಒತ್ತಿದ ಲಿಂಕಿನವರಿಗೆ ಕಮಿಷನ್ ಹೋಗುತ್ತದೆ, ನಿಮ್ಮ ಕ್ಯಾಶ್‌ಬ್ಯಾಕ್ ನೀರು ಪಾಲು. ಸಾಮಾನು ವಾಪಸ್ ಮಾಡುವ ಅವಧಿ ಮುಗಿಯುವ ತನಕ ದುಡ್ಡು ಖಾಯಂ ಆಗುವುದಿಲ್ಲ, ಹಾಗಾಗಿ ವಾರಗಟ್ಟಲೆ ಕಾಯಬೇಕು. ಕೈಗೆ ಬರುವ ತನಕ ಆ ದುಡ್ಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೋಡು ತಾನಾಗಿಯೇ ಹುಡುಕಿ ಹಾಕುತ್ತೇನೆ ಅನ್ನುವ ಬ್ರೌಸರ್ ಎಕ್ಸ್‌ಟೆನ್ಶನ್‌ಗಳನ್ನು ಸುಮ್ನೆ ಸಿಕ್ಕಸಿಕ್ಕ ಹಾಗೆ ಹಾಕಿಕೊಳ್ಳಬೇಡಿ, ಅವು ನೀವು ನೋಡುವ ಪುಟವನ್ನೆಲ್ಲ ಓದುತ್ತವೆ.

ಬ್ಯಾಂಕ್ ಕಾರ್ಡ್ ಆಫರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಿರಾಣಿಗಿಂತ ಫ್ರಿಜ್, ಮೊಬೈಲಿಗೆ ಅದು ನಿಜಕ್ಕೂ ಉಪಯೋಗ. ‘ನೋ ಕಾಸ್ಟ್ ಇಎಂಐ’ ಮಾತ್ರ ಎಚ್ಚರದಿಂದ ನೋಡಿ. ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಅಷ್ಟನ್ನೇ ಅಂಗಡಿ ಮೊದಲೇ ಬೆಲೆಯಲ್ಲಿ ಕಳೆದಿರುತ್ತದೆ. ಆದರೆ ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ನಿಮ್ಮದು, ಪ್ರೊಸೆಸಿಂಗ್ ಚಾರ್ಜ್ ಇದ್ದರೆ ಅದೂ ನಿಮ್ಮದು. ಪೂರ್ತಿ ದುಡ್ಡು ಕೊಟ್ಟರೆ ಏನಾದರೂ ಕಡಿಮೆ ಮಾಡುತ್ತೀರಾ ಅಂತ ಒಂದು ಸಲ ಕೇಳಿ ನೋಡಿ.

ದೊಡ್ಡ ವಸ್ತುಗಳ ಬೆಲೆ ಹೋಲಿಸುವುದು ಈಗ ಸುಲಭ. ಕೀಪಾ, ಬೈಹಟ್ಕೆ ಥರದ ತಾಣಗಳು ಒಂದು ವಸ್ತುವಿನ ಬೆಲೆ ತಿಂಗಳುಗಟ್ಟಲೆ ಹೇಗೆ ಏರಿಳಿಯಿತು ಅಂತ ಗೆರೆ ಎಳೆದು ತೋರಿಸುತ್ತವೆ. ದಸರೆ, ದೀಪಾವಳಿ ಸೇಲ್‌ನಲ್ಲಿ ‘ಅರ್ಧ ಬೆಲೆ’ ಅಂದದ್ದು ಆಗಸ್ಟಿನಲ್ಲೂ ಅದೇ ಬೆಲೆಗೆ ಇತ್ತಾ ಅಂತ ಅಲ್ಲಿ ಗೊತ್ತಾಗುತ್ತದೆ. ಮಾಡೆಲ್ ನಂಬರ್ ಪೂರ್ತಿ ಹೊಂದಿಸಿ ನೋಡಬೇಕು, ಕೊನೆಯ ಒಂದು ಅಕ್ಷರ ಬೇರೆ ಇದ್ದರೂ ಒಳಗಿನ ಮಾಲು ಬೇರೆ ಇರಬಹುದು. ಮೊದಲೇ ನಿಮ್ಮ ಪಿನ್‌ಕೋಡ್ ಹಾಕಿ. 586101 ಅಂತ ಹಾಕಿದ ಮೇಲೆ ಎಷ್ಟೋ ಸಲ ಮಾರುವವನೇ ಬದಲಾಗುತ್ತಾನೆ, ಬೆಂಗಳೂರಿನ ಗೆಳೆಯ ಕಳಿಸಿದ ಸ್ಕ್ರೀನ್‌ಶಾಟಿನ ಬೆಲೆ ನಮಗೆ ಸಿಗುವುದಿಲ್ಲ. ಮಿಕ್ಸರ್ ಕೊಳ್ಳುವಾಗ ನಾನು ಆನ್‌ಲೈನ್ ಬೆಲೆಯನ್ನು ಇಲ್ಲಿಯ ಅಂಗಡಿಯವರಿಗೆ ತೋರಿಸಿದೆ. ಅಷ್ಟಕ್ಕೆ ಆಗಲ್ಲ ಅಂದರು, ನೂರು ರೂಪಾಯಿ ಜಾಸ್ತಿಗೆ ಕೊಟ್ಟರು, ಆರು ತಿಂಗಳ ಮೇಲೆ ಜಾರಿನ ಬ್ಲೇಡ್ ಸಡಿಲ ಆದಾಗ ಅಲ್ಲೇ ಕೂತು ಬಿಗಿ ಮಾಡಿ ಕೊಟ್ಟರು. ಆ ನೂರು ರೂಪಾಯಿ ನನಗೆ ದುಬಾರಿ ಅನ್ನಿಸಲಿಲ್ಲ.

ಕಾಳುಕಡಿಗೆ ಮಾತ್ರ ಇದಾವುದೂ ಬೇಡ. ಅದಕ್ಕೆ ನಮ್ಮ ಕಡೆ ಹಳೆಯ ಲೆಕ್ಕ ಒಂದಿದೆ, ಸುಗ್ಗಿ. ತೊಗರಿ ಡಿಸೆಂಬರ್, ಜನವರಿಗೆ ಬರುತ್ತದೆ. ಬಿಳಿಜೋಳ ಫೆಬ್ರವರಿ, ಮಾರ್ಚ್. ಬ್ಯಾಡಗಿ ಮೆಣಸಿನಕಾಯಿಯ ಭರಾಟೆಯೂ ಅದೇ ಹೊತ್ತಿಗೆ. ಬಿಸಿಲು ಏರಿದ ಮೇಲೆ ನಮ್ಮ ಜಿಲ್ಲೆಯ ಒಣದ್ರಾಕ್ಷಿ. ಮಾಲು ಪೇಟೆಗೆ ತುಂಬಿ ಬಂದಾಗ ಧಾರಣೆ ಸಾಮಾನ್ಯವಾಗಿ ಬಗ್ಗುತ್ತದೆ, ಮಳೆಗಾಲದ ಹೊತ್ತಿಗೆ ಏರುತ್ತದೆ. ಅವ್ವ ವರ್ಷದ ಜೋಳ ಸುಗ್ಗಿಯಲ್ಲೇ ತುಂಬಿಸುತ್ತಾಳೆ, ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಒಣಗಿಸಿ ನಡುವೆ ಇಟ್ಟು. ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಅತ್ತೆ ಮನೆಯವರು ಅಕ್ಕಪಕ್ಕದ ನಾಲ್ಕು ಮನೆ ಸೇರಿ ಒಂದೇ ಸಲ ಚೀಲಗಟ್ಟಲೆ ತಂದು ಹಂಚಿಕೊಳ್ಳುತ್ತಾರೆ. ಬೆಳಗಾವಿಯವರಿಗೆ ರವಿವಾರ ಪೇಟೆಯ ಹೋಲ್‌ಸೇಲ್ ಅಂಗಡಿಗಳಿವೆ, ಅಲ್ಲೂ ಇದೇ ಲೆಕ್ಕ. ಜಾಗ ಇಲ್ಲದವರು, ಬಾಡಿಗೆ ಮನೆಯವರು ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ನುಸಿ ಹಿಡಿದು ಐದು ಕಿಲೋ ಚೆಲ್ಲಿದರೆ ವರ್ಷದ ಉಳಿತಾಯ ಅಲ್ಲಿಗೆ ಖಲ್ಲಾಸ್.

ಎರಡು ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ಎಂಆರ್‌ಪಿಗಿಂತ ಜಾಸ್ತಿ ತಗೊಂಡರೆ, ಕೇಳಿದರೂ ಬಿಲ್ ಕೊಡದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸ್ಕ್ರ್ಯಾಚ್ ಕಾರ್ಡ್ ಗೆದ್ದಿದ್ದೀರಿ, ಪಿನ್ ಹಾಕಿದರೆ ಖಾತೆಗೆ ದುಡ್ಡು ಬರುತ್ತದೆ ಅಂತ ಯಾರಾದರೂ ಅಂದರೆ ಅದು ಮೋಸ, ಯುಪಿಐನಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ. ಸಿಕ್ಕಿಬಿದ್ದಿದ್ದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ‘ಇನ್ನು ಎರಡೇ ಉಳಿದಿವೆ’ ಅಂತ ಸುಳ್ಳೇ ಅವಸರ ಹುಟ್ಟಿಸುವುದು, ನಾವು ಕೇಳದ ಸಾಮಾನನ್ನು ಬುಟ್ಟಿಗೆ ಸೇರಿಸುವುದು, ಇಂಥ ಹದಿಮೂರು ನಮೂನೆಯ ಕಸರತ್ತನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದೆ. ನಿಷೇಧ ಇದ್ದರೂ ಕೊನೆಯ ಪುಟದಲ್ಲಿ ಮೊದಲೇ ಟಿಕ್ ಹಾಕಿದ ಚೌಕ ಇದೆಯಾ ಅಂತ ನಾನು ನೋಡಿಯೇ ನೋಡುತ್ತೇನೆ.

ಈಗ ನಾನೂ ಫೋನಿನಲ್ಲಿ ಒಂದು ಪಟ್ಟಿ ಇಟ್ಟಿದ್ದೇನೆ, ಹದಿನೈದೇ ಸಾಮಾನು. ಬೇಳೆ, ಎಣ್ಣೆ, ಸಕ್ಕರೆ, ಶೇಂಗಾ, ಚಹಾಪುಡಿ, ಅವಲಕ್ಕಿ ಹೀಗೆ. ಪ್ರತಿಯೊಂದರ ಮುಂದೆ ಕಿಲೋಗೆ ಕೊನೆಗೆ ಎಷ್ಟು ಕೊಟ್ಟೆ, ಎಲ್ಲಿ, ಯಾವ ತಿಂಗಳು. ಆಫರ್ ಕಂಡರೆ ಆ ಅಂಕಿಯ ಜೊತೆ ಹೋಲಿಸುತ್ತೇನೆ. ಸೋಪು, ಪೇಸ್ಟು, ಪಾತ್ರೆ ತೊಳೆಯುವ ಲಿಕ್ವಿಡ್ ಇವು ಬಹಳ ಸಲ ಸೂಪರ್ ಮಾರ್ಕೆಟ್ಟಿನಲ್ಲೇ ಅಗ್ಗ ಬಿದ್ದವು, ಅಲ್ಲೇ ತರುತ್ತೇನೆ. ಕಾಳು, ಬೇಳೆ, ಶೇಂಗಾ ಮತ್ತೆ ಹಳೆಯ ಕಿರಾಣಿಗೇ ಹೋದವು. ಸಕ್ಕರೆ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ. ಅದನ್ನೂ ಕಿರಾಣಿಯಲ್ಲೇ ತರುತ್ತೇವೆ, ಯಾಕೆಂದರೆ ಅಲ್ಲಿ ಪಗಾರ ಆಗುವ ತನಕ ಉದ್ರಿ ನಡೆಯುತ್ತದೆ. ಬಡ್ಡಿ ಇಲ್ಲ, ಪ್ರೊಸೆಸಿಂಗ್ ಚಾರ್ಜ್ ಇಲ್ಲ.

ಮೊನ್ನೆ ಅಲ್ಲಿಂದ ತಂದ ರವೆಯಲ್ಲಿ ಹುಳ ಇತ್ತು. ಚೀಟಿ ಹುಡುಕಿದೆ, ತಂತಿಯಲ್ಲಿ ಸಿಗಲಿಲ್ಲ. ಹಾಗೇ ಪೊಟ್ಟಣ ತಗೊಂಡು ಹೋದೆ. ಸಾವ್ಕಾರ್ರು ಚೀಟಿ ಕೇಳಲಿಲ್ಲ. ರವೆ ಬದಲಿಸಿ ಕೊಟ್ಟು, “ಅವ್ವಾರು ಮಾಲ್‌ನ್ಯಾಗಿನ ಬ್ಯಾಳಿ ಬೇಯಿಸಿದರೇನ್ರೀ?” ಅಂತ ಕೇಳಿದರು.